ಕೊನೆಗೆ ಕರೆಯುವ ಹಾಜರಿ

ರಾಮಾಂಜಿನಪ್ಪನವರು ಜಮೀನು ನೋಡುವ ರೀತಿಯೇ ಬೇರೆ. ಕಾಗದಪತ್ರವೆಲ್ಲ ಆಮೇಲೆ. ಮೊದಲು ಚಪ್ಪಲಿ ಬಿಟ್ಟು ನಾಲ್ಕೂ ಬದುವಿನ ಮೇಲೆ ಒಂದು ಸುತ್ತು ನಡೆಯಬೇಕು, ಪಕ್ಕದ ಹೊಲದವನ ಹತ್ತಿರ ಎರಡು ಮಾತಾಡಬೇಕು, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು. ಅವರ ಹೊಲಗಳೆಲ್ಲ ಕೆ.ಆರ್. ಪುರದ ಬಡಾವಣೆಗಳಾಗಿ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ಉಳಿದಿರುವುದು ಒಂದು ಮೂರಂತಸ್ತಿನ ಮನೆ, ಅದರ ಹಿಂದೆ ಸಾಲಾಗಿ ಕಟ್ಟಿಸಿದ ಎಂಟು ಬಾಡಿಗೆ ಕೋಣೆಗಳು, ನಡುವೆ ಒಂದು ಸಣ್ಣ ಹಿತ್ತಲು. ಆದರೆ ನಡೆದು ನೋಡುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಮೊಮ್ಮಗಳು ರಮ್ಯಶ್ರೀಗೆ ಕಾಲೇಜು ಹುಡುಕುವಾಗಲೂ ಹಾಗೆಯೇ ಮಾಡಿದರು.

ಭಾನುವಾರ ಬೆಳಿಗ್ಗೆ ಮಗ ಕೆಂಪರಾಜನ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊಸಕೋಟೆಯಾಚೆಗಿನ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಹೋಗಿ ಬಂದರು. ಹೊರಡುವಾಗ ಕೈಗಡಿಯಾರ ನೋಡಿಕೊಂಡರು, ತಲುಪಿದಾಗ ಇನ್ನೊಮ್ಮೆ ನೋಡಿಕೊಂಡರು. ಇಪ್ಪತ್ತೆಂಟು ನಿಮಿಷ. ದೊಡ್ಡ ಕಮಾನು, ಕಾವಲಿನವರು, ಕತ್ತರಿಸಿದ ಹುಲ್ಲು. ಅಲ್ಲಿಯೂ ಬೇಲಿಗುಂಟ ಒಂದು ಸುತ್ತು ನಡೆದರು. ಹುಡುಗರು ಒಬ್ಬರೂ ಇರಲಿಲ್ಲ.

ಮರುದಿನ ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವರು ತೀರ್ಪು ಕೊಟ್ಟರು. “ಕಾಲೇಜ್ ಬಸ್ಸು ಮನೆ ಬಾಗಿಲಿಗೇ ಬರತ್ತೆ. ಸಂಜೆ ಮನೆ ಬಾಗಿಲಿಗೇ ತಂದು ಬಿಡತ್ತೆ. ಹುಲ್ಲಿಗೆ ನೀರು ಹಾರಿಸ್ತಾವ್ರೆ ಕಣಪ್ಪ, ಭತ್ತದ ಗದ್ದೆಗೂ ನಾವು ಅಷ್ಟು ನೀರು ಕಟ್ಟಿರಲಿಲ್ಲ.”

“ತಾತ, ಅಲ್ಲಿ ಸ್ಟಾಟಿಸ್ಟಿಕ್ಸೇ ಇಲ್ಲ,” ಎಂದಳು ರಮ್ಯ. ಅವಳು ಇದನ್ನು ಹೇಳುತ್ತಿರುವುದು ಎಷ್ಟನೆಯ ಸಲವೋ.

“ಇಲ್ದಿದ್ರೆ ಇರೋದ್ರಲ್ಲಿ ಒಂದು ತಗೋ.”

“ಹೋಟ್ಲಲ್ಲಿ ಇಡ್ಲಿ ಇಲ್ಲ ಅಂದ್ರೆ ವಡೆ ತಗೊಳ್ಳಕ್ಕೆ ಇದೇನು ತಿಂಡೀನಾ ತಾತ? ಶಿವಾಜಿನಗರದ ದಂಡು ವಿಶ್ವವಿದ್ಯಾಲಯದಲ್ಲಿ ಇದೆ. ನಂಗೆ ಸೀಟೂ ಬಂದಿದೆ. ಶನಿವಾರ ಸಂಜೆ ಐದು ಗಂಟೆಯೊಳಗೆ ಬರ್ತೀನೋ ಇಲ್ವೋ ಹೇಳ್ಬೇಕು. ಅಷ್ಟೇ.”

ರಾಮಾಂಜಿನಪ್ಪ ಲೋಟ ಕೆಳಗಿಟ್ಟರು. “ದಂಡಿನಲ್ಲಿ ಹಾಸ್ಟೆಲ್ ಇಲ್ಲ, ಬಸ್ಸಿಲ್ಲ, ಗೇಟಿಗೆ ಒಬ್ಬ ಕಾವಲಿನವನೂ ಇಲ್ಲ. ನಮ್ಮ ಹಿಂದಿನ ಕೋಣೆ ಬಸಣ್ಣನ ಮಗಳು ಹೋಗೋದೂ ಅಲ್ಲಿಗೇ ಅಲ್ವಾ? ಅವರಿಗೆ ಬೇರೆ ದಾರಿ ಇಲ್ಲ, ಹೋಗ್ತಾಳೆ. ನಿಂಗೇನು ಬಂದಿದೆ?”

ರಮ್ಯಳ ಮುಖ ಕೆಂಪಾಯಿತು. ಕೆಂಪರಾಜ ಅಪ್ಪನ ಕಡೆಗೂ ಮಗಳ ಕಡೆಗೂ ನೋಡಿ, ತನ್ನ ಅಂಗಡಿಯಲ್ಲಿ ಬಗೆಹರಿಯದ ಜಗಳವನ್ನು ಪಕ್ಕದವನಿಗೆ ದಾಟಿಸುವಂತೆ, ಹೆಂಡತಿಯ ಕಡೆ ತಿರುಗಿದ. “ಯಮುನಾ, ನೀನೇ ಹೇಳು. ಈ ಮನೇಲಿ ದಂಡಿನಲ್ಲಿ ಓದಿರೋಳು ನೀನೊಬ್ಳೇ. ಹೋಗಿ ನೋಡ್ಕೊಂಡು ಬಾ. ನೀನು ಹ್ಞೂ ಅಂದ್ರೆ ಹ್ಞೂ, ಬೇಡ ಅಂದ್ರೆ ಬೇಡ.”

ಮಾವನವರು ಏನೋ ಹೇಳಹೊರಟು ನಿಲ್ಲಿಸಿದರು. ಯಮುನಾಳ ಓದಿನ ಮಾತು ಬಂದಾಗಲೆಲ್ಲ ಅವರು ಹೀಗೆಯೇ ತಲೆ ತಗ್ಗಿಸುತ್ತಿದ್ದರು. ಬಗ್ಗಿ ಲೋಟ ಎತ್ತಿಕೊಂಡು ತಾವೇ ಒಳಗೆ ಇಟ್ಟು ಬರಲು ಎದ್ದರು.

ಅವರು ತಲೆ ತಗ್ಗಿಸಲು ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಹೂಡಿಗೆ ಹೆಣ್ಣು ನೋಡಲು ಹೋದಾಗ ಯಮುನಾಳ ತಂದೆ ಒಂದೇ ಮಾತು ಕೇಳಿದ್ದರು: ಮಗು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ, ಮುಗಿಯುವವರೆಗೆ ಕಾಯಬಹುದೇ? ರಾಮಾಂಜಿನಪ್ಪನವರ ತಾಯಿ ಆಗ ಹಾಸಿಗೆ ಹಿಡಿದಿದ್ದರು. ಕಾಯಲಾಗುವುದಿಲ್ಲ ಎಂದಿದ್ದರು ಅವರು. ಮದುವೆಯಾಯಿತು, ಓದು ನಿಂತಿತು. ಆ ಮುದುಕಿ ಆಮೇಲೆ ಆರು ವರ್ಷ ಬದುಕಿದ್ದಳು. ಯಮುನಾಳ ಓದನ್ನು ತಾನು ನಿಲ್ಲಿಸಿದೆ ಎಂಬ ಭಾರ ರಾಮಾಂಜಿನಪ್ಪನವರ ಹೆಗಲ ಮೇಲೆ ಕೂತಿತು. ಮೊಮ್ಮಗಳಿಗೆ ಕಮಾನು, ಕಾವಲು, ಮನೆ ಬಾಗಿಲಿಗೆ ಬಸ್ಸು ಬೇಕೆಂದು ಅವರು ಹಟ ಹಿಡಿದದ್ದು ಬರೀ ದೊಡ್ಡಸ್ತಿಕೆಗಲ್ಲ ಎಂದು ಯಮುನಾಳಿಗೆ ಗೊತ್ತಿತ್ತು. ಸೊಸೆಗೆ ತಪ್ಪಿಸಿದ್ದನ್ನು ಮೊಮ್ಮಗಳಿಗೆ ದುಪ್ಪಟ್ಟು ಮಾಡಿ ಕೊಡಲು ಹೊರಟಿದ್ದರು.

ಯಮುನಾಳಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಓದನ್ನು ನಿಲ್ಲಿಸಿದ್ದು ಮಾವನಲ್ಲ. ಅವರು ಹೆಣ್ಣು ನೋಡಲು ಬರುವ ಮೂರು ತಿಂಗಳ ಮುಂಚೆಯೇ ಅವಳು ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಳು.

ದಂಡು ವಿಶ್ವವಿದ್ಯಾಲಯ ಆಗಿನ್ನೂ ಬರೀ ಕಾಲೇಜಾಗಿತ್ತು. ಟಿನ್ ಫ್ಯಾಕ್ಟರಿಯ ಹತ್ತಿರ ತೂಗುಸೇತುವೆ ಕಟ್ಟುತ್ತಿದ್ದ ವರ್ಷಗಳವು. ಹೂಡಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟರೂ ಶಿವಾಜಿನಗರ ಎಷ್ಟು ಹೊತ್ತಿಗೆ ಬರುತ್ತದೆಂದು ದೇವರೂ ಹೇಳುವಂತಿರಲಿಲ್ಲ. ಒಂಬತ್ತಕ್ಕೆ ಸರಿಯಾಗಿ ಮೊದಲ ಪೀರಿಯಡ್ಡಿನ ಮೇಷ್ಟ್ರು ಹಾಜರಿ ಕರೆದು ಬಾಗಿಲಿಗೆ ಚಿಲಕ ಹಾಕಿಸುತ್ತಿದ್ದರು. ಹೊರಗೆ ನಿಂತವರಲ್ಲಿ ಹುಡುಗರೇ ಹೆಚ್ಚು. ಅವರು ನಗುತ್ತ ಟೀ ಅಂಗಡಿಗೆ ಹೋಗುತ್ತಿದ್ದರು. ಯಮುನಾ ಕಾರಿಡಾರಿನಲ್ಲಿ ನೋಟಿಸು ಬೋರ್ಡು ಓದುವಂತೆ ನಟಿಸುತ್ತ ನಿಲ್ಲುತ್ತಿದ್ದಳು. ಮಧ್ಯಾಹ್ನ ಕೊನೆಯ ಗಂಟೆ ಹೊಡೆದದ್ದೇ ಎಲ್ಲರೂ ಅವರವರ ಬಸ್ಸಿಗೆ ಓಡುತ್ತಿದ್ದರು. ನೋಟ್ಸು ಕೇಳಲು ಒಬ್ಬಳ ಹೆಸರಾದರೂ ಗೊತ್ತಿರಬೇಕಲ್ಲ. ಒಂದೂವರೆ ವರ್ಷವಾದರೂ ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ, ಆಗಲೇ ಒಂಬತ್ತೂಕಾಲು, ಬಸ್ಸು ಇನ್ನೂ ಹಲಸೂರಿನಲ್ಲಿತ್ತು. ಅವಳು ಅಲ್ಲಿಯೇ ಇಳಿದುಬಿಟ್ಟಳು. ಸೋಮೇಶ್ವರ ದೇವಸ್ಥಾನದ ಮಂಟಪದಲ್ಲಿ ಎರಡು ಗಂಟೆಯವರೆಗೆ ಕೂತಿದ್ದು, ಡಬ್ಬಿಯ ಊಟ ಮಾಡಿ, ವಾಪಸು ಬಸ್ಸು ಹತ್ತಿದಳು. ಮರುದಿನವೂ ಹಾಗೆಯೇ. ಮೂರು ತಿಂಗಳು. ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಕಾಗದ ಮನೆಗೆ ಬಂದ ದಿನ ಪೋಸ್ಟ್‌ಮ್ಯಾನನ ಕೈಯಿಂದ ತಾನೇ ಇಸಿದುಕೊಂಡು ನೀರೊಲೆಗೆ ಹಾಕಿದಳು. ಅದಾದ ಹದಿನೈದು ದಿನಕ್ಕೆ ರಾಮಾಂಜಿನಪ್ಪನವರು ಹೆಣ್ಣು ನೋಡಲು ಬಂದರು. ಕಾಯಲಾಗುವುದಿಲ್ಲ ಎಂದರು. ಅವಳಿಗೆ ಆಗ ಆದದ್ದು ದುಃಖವಲ್ಲ, ಬಿಡುಗಡೆ.

ರಮ್ಯ ತನ್ನಂಥವಳಲ್ಲ ಎಂದು ಒಂದು ಮನಸ್ಸು ಹೇಳಿದರೆ, ನೀನಾದರೂ ಮೊದಲು ಅಂಥವಳಾಗಿದ್ದೆಯಾ ಎಂದು ಇನ್ನೊಂದು ಕೇಳುತ್ತಿತ್ತು.

*

ಗುರುವಾರ ಬೆಳಿಗ್ಗೆ ಏಳೂವರೆಗೆ ಯಮುನಾ ಬಸಣ್ಣನ ಕೋಣೆಯ ಮುಂದೆ ನಿಂತಿದ್ದಳು. ಬಸಣ್ಣ ಗಾರೆ ಕೆಲಸಕ್ಕೆ, ಅವನ ಹೆಂಡತಿ ಜಟ್ಟೆಮ್ಮ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಆಗಲೇ ಹೋಗಿಯಾಗಿತ್ತು. ಯಾದಗಿರಿಯ ಕಡೆಯಿಂದ ಅವರು ಬಂದಾಗ ಮಗಳು ಕಾವೇರಿಗೆ ಆರು ವರ್ಷ, ಈಗ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರು. ಅವಳು ರೊಟ್ಟಿಯ ಡಬ್ಬಿಯನ್ನು ಬ್ಯಾಗಿಗೆ ತುರುಕುತ್ತ ಹೊರಗೆ ಬಂದಳು.

“ಖರೇನೇ ಬಂದ್ರಿ ಅಕ್ಕಾರ? ನಾ ಸುಮ್ನ ಅಂದೀರಿ ಅನ್ಕೊಂಡಿದ್ದೆ.”

“ಬೇಗ ಹೊರಡೋಣ. ತಡ ಆದ್ರೆ?”

“ತಡ ಆದ್ರ ಆಗ್ತದ. ನಡ್ರಿ.”

ತಾನೂ ಬರುತ್ತೇನೆಂದು ರಮ್ಯ ರಾತ್ರಿಯೆಲ್ಲ ಕಾಡಿದ್ದಳು. “ಓದೋಳು ನಾನು, ನೋಡೋಕೆ ನೀನು ಹೋಗ್ತೀಯಾ?” ಎಂದು ಸಿಟ್ಟಾಗಿದ್ದಳು. ಯಮುನಾ ಒಪ್ಪಿರಲಿಲ್ಲ. ಮಗಳು ಪಕ್ಕದಲ್ಲಿದ್ದರೆ ತಾನು ಮಗಳ ಮುಖವನ್ನೇ ನೋಡುತ್ತ ಕೂರುತ್ತೇನೆ, ಬೇರೇನೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೆಟ್ರೋ ಯಾಕೆ ಬೇಡ ಎಂದು ಯಮುನಾ ದಾರಿಯಲ್ಲಿ ಕೇಳಿದಳು. “ಎಂ.ಜಿ. ರೋಡಿಂದ ಮತ್ತ ಬಸ್ಸು ಹಿಡೀಬೇಕ್ರಿ,” ಎಂದಳು ಕಾವೇರಿ. “ರೈಲಾದ್ರ ಕಂಟೋನ್ಮೆಂಟಿಗೆ ಇಳ್ದು ನಡೀಬೋದು. ಅದೂ ಅಲ್ದ, ನಮ್ಮೋರೆಲ್ಲ ರೈಲಾಗೇ ಇರ್ತಾರ.”

ನಮ್ಮೋರು ಎಂದರೆ ಯಾರು ಎಂದು ಏಳು ಐವತ್ತರ ಪ್ಯಾಸೆಂಜರ್ ಗಾಡಿಯ ಹೆಂಗಸರ ಡಬ್ಬಿ ಹತ್ತಿದ ಮೇಲೆ ತಿಳಿಯಿತು. ಬಾಗಿಲಿನಿಂದ ಬಾಗಿಲಿಗೆ ಹುಡುಗಿಯರು. ಇವರು ಒಳಗೆ ಕಾಲಿಡುತ್ತಿದ್ದಂತೆ ಕಿಟಕಿಯ ಪಕ್ಕದಿಂದ ನಾಲ್ಕೈದು ಜನ ಒಟ್ಟಿಗೆ ಎದ್ದರು. ಯಾರೂ ಕೇಳಿರಲಿಲ್ಲ. ಎದ್ದವರ ಜಾಗದಲ್ಲಿ ಕೆ.ಆರ್. ಪುರದಲ್ಲಿ ಹತ್ತಿದವರು ಕೂತರು, ಕೂತದ್ದೇ ಪುಸ್ತಕ ತೆಗೆದರು.

“ಮಾಲೂರಿನವ್ರು,” ಎಂದು ಕಾವೇರಿ ವಿವರಿಸಿದಳು. “ಅಲ್ಲಿಂದ ಇಲ್ಲೀತನಕ ಅವ್ರು ಕೂಡ್ತಾರ. ಇಲ್ಲಿಂದ ಮುಂದ ನಾವು. ಬರೆಯೋದು ಇದ್ದೋರಿಗೆ ಕಿಟಕಿ ಸೀಟು. ಯಾರು ಮಾಡಿದ್ದೋ ಗೊತ್ತಿಲ್ರಿ, ನಾ ಬರೋಕಿಂತ ಮೊದ್ಲೇ ಇತ್ತು.”

ಎದ್ದು ನಿಂತಿದ್ದ ಒಬ್ಬ ಹುಡುಗಿ ಯಮುನಾಳನ್ನು ಮೇಲಿಂದ ಕೆಳಗೆ ನೋಡಿ, “ಯಾರೇ ಇವ್ರು?” ಎಂದಳು.

“ನಮ್ಮ ಮನೆ ಓನರ್.”

“ಅಯ್ಯೋ! ಬಾಡಿಗೆ ಕೇಳಕ್ಕೆ ಕಾಲೇಜ್ ತನಕ ಬರ್ತಾರಾ?”

ಡಬ್ಬಿಯೇ ನಕ್ಕಿತು. ಯಮುನಾಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ನಕ್ಕಳು. ತಾನು ಈ ಹುಡುಗಿಯ ಪಕ್ಕದಲ್ಲಿ ಕೂತದ್ದು ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು ಎಂಬುದು ಆಗ ಹೊಳೆಯಿತು. ಹಿತ್ತಲಲ್ಲಿ ಎದುರಾದಾಗಲೆಲ್ಲ ನೀರು ಬಂತೇ, ಕಸ ಹಾಕಿದಿರಾ, ಇಷ್ಟೇ ಮಾತು.

ಬೈಯಪ್ಪನಹಳ್ಳಿಗೆ ಮುಂಚೆ ಗಾಡಿ ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಅರ್ಧ ಗಂಟೆ. ಪಕ್ಕದ ಹಳಿಯ ಮೇಲೆ ಒಂದು ಎಕ್ಸ್‌ಪ್ರೆಸ್ ದಡದಡ ಹೋಯಿತು. ಇದು ಕದಲಲಿಲ್ಲ. ಯಮುನಾ ಫೋನಿನಲ್ಲಿ ಗಂಟೆ ನೋಡಿದಳು, ಒಳಗಿಟ್ಟಳು, ಮತ್ತೆ ತೆಗೆದು ನೋಡಿದಳು. ಎಂಟು ಮುಕ್ಕಾಲು. ಇಪ್ಪತ್ತೆರಡು ವರ್ಷದ ಹಿಂದಿನ ಬಸ್ಸಿನ ಬಿಸಿ ಅವಳ ಕತ್ತಿನ ಹಿಂದೆ ಹತ್ತತೊಡಗಿತು.

“ಒಂಬತ್ತಕ್ಕೆ ಕ್ಲಾಸಲ್ವೇನೆ? ಬಾಗಿಲು ಹಾಕಿಬಿಡ್ತಾರೆ.”

ಕಾವೇರಿ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದುತ್ತಿದ್ದಳು. “ಗುರುವಾರ ಶಿರೀನ್ ಮೇಡಂ ಕ್ಲಾಸ್ರೀ. ಏನೂ ಆಗಂಗಿಲ್ಲ. ತಿನ್ರಿ.” ಅವಳು ಒಂದು ಚೂರು ಯಮುನಾಳ ಕೈಯಲ್ಲಿಟ್ಟಳು. ಯಮುನಾ ಅದನ್ನು ತಿನ್ನದೆ ಹಿಡಿದುಕೊಂಡೇ ಇದ್ದಳು.

ಕಂಟೋನ್ಮೆಂಟಿನಲ್ಲಿ ಇಳಿದಾಗ ಒಂಬತ್ತು ದಾಟಿ ಐದು. ಹದಿನೈದು ನಿಮಿಷದ ನಡಿಗೆ. ಅರ್ಧ ದಾರಿಯಲ್ಲಿ ಹಳೆಯ ಮಸೀದಿಯ ಪಕ್ಕದ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬಂತು, ಅದೊಂದು ಬದಲಾಗಿರಲಿಲ್ಲ. ಕಾಲೇಜಿನ ಕಲ್ಲಿನ ಕಟ್ಟಡವೂ ಹಾಗೆಯೇ ಇತ್ತು. ಅದರ ಹಿಂದೆ ಹೊಸದಾಗಿ ಒಂದು ಗಾಜಿನ ಕಟ್ಟಡ ಎದ್ದು, ಮುಂದೆ ವಿಶ್ವವಿದ್ಯಾಲಯ ಎಂಬ ಫಲಕ ಬಂದಿತ್ತು. ಮೊದಲ ಮಹಡಿಯ ಕಾರಿಡಾರಿನಲ್ಲಿ ಅವಳ ಕಾಲು ನಿಂತವು. ಅದೇ ಕೋಣೆ. ಮುಂದಿನ ಬಾಗಿಲು ಮುಚ್ಚಿತ್ತು.

“ಹೇಳಿದ್ನಲ್ಲ,” ಎಂದಳು.

“ಆ ಕಡೆ ಅಲ್ರಿ, ಈ ಕಡೆ.” ಕಾವೇರಿ ಅವಳ ಮೊಣಕೈ ಹಿಡಿದು ಮುಂದಕ್ಕೆ ಕರೆದೊಯ್ದಳು. ಕೋಣೆಗೆ ಹಿಂದೆ ಇನ್ನೊಂದು ಬಾಗಿಲಿತ್ತು. ಯಮುನಾಳ ಕಾಲದಲ್ಲೂ ಇತ್ತು, ಆದರೆ ಒಳಗಿನಿಂದ ಅದಕ್ಕೊಂದು ಬೀರು ಅಡ್ಡ ನಿಲ್ಲಿಸಿದ್ದರು. ಈಗ ಬೀರು ಇರಲಿಲ್ಲ. ಗಾಳಿಗೆ ಹಾಕಿಕೊಳ್ಳದಂತೆ ಕದಕ್ಕೆ ಒಂದು ಕಲ್ಲು ಆನಿಸಿಟ್ಟಿದ್ದರು. ರೈಲಿನ ಹುಡುಗಿಯರು ಒಬ್ಬರ ಹಿಂದೊಬ್ಬರು, ದೇವಸ್ಥಾನದೊಳಗೆ ಹೋಗುವಷ್ಟೇ ಸದ್ದಿಲ್ಲದೆ ಒಳಹೋಗಿ ಹಿಂದಿನ ಬೆಂಚುಗಳಲ್ಲಿ ಕೂತರು.

ಬೋರ್ಡಿನ ಹತ್ತಿರ ನಿಂತಿದ್ದ ಐವತ್ತರ ಆಸುಪಾಸಿನ ಹೆಂಗಸು ತಿರುಗಿ ನೋಡಿದರು. “ಏಳು ಐವತ್ತು ಬಂತಾ? ಸರಿ. ಇಷ್ಟು ಹೊತ್ತು ನಿನ್ನೆ ಲೆಕ್ಕ ಮಾಡ್ತಿದ್ವಿ. ಈಗ ಹೊಸಾ ಪಾಠ.” ಬಾಗಿಲಲ್ಲಿ ನಿಂತ ಯಮುನಾ ಅವರ ಕಣ್ಣಿಗೆ ಬಿದ್ದಳು. “ನೀವು ಯಾರಮ್ಮ?”

“ನನ್ನ ಮಗಳಿಗೆ... ಇಲ್ಲಿ ಸೀಟು ಬಂದಿದೆ. ಸುಮ್ನೆ ನೋಡೋಣಾಂತ. ಹೊರಗಡೆ ಇರ್ತೀನಿ.”

“ಹೊರಗಿಂದ ಏನು ಕಾಣ್ಸತ್ತೆ? ಬನ್ನಿ, ಕೂತ್ಕೊಳ್ಳಿ.”

ಯಮುನಾ ಕೊನೆಯ ಬೆಂಚಿನ ತುದಿಯಲ್ಲಿ ಕೂತಳು. ಪಾಠ ಅವಳಿಗೆ ಅರ್ಥವಾಗಲಿಲ್ಲ. ಒಂದು ಊರಿನ ಎಲ್ಲರನ್ನೂ ಕೇಳದೆ ಕೆಲವರನ್ನೇ ಕೇಳಿ ಊರಿನ ಬಗ್ಗೆ ಹೇಗೆ ತಿಳಿಯಬಹುದು ಎಂಬ ವಿಷಯ ಎನ್ನುವಷ್ಟು ಮಾತ್ರ ತಲೆಗೆ ಹೋಯಿತು. ಒಂಬತ್ತೂ ನಲವತ್ತಕ್ಕೆ ಇನ್ನೂ ಇಬ್ಬರು ಹಿಂದಿನಿಂದ ಬಂದರು. ಮೇಡಂ ಮಾತು ನಿಲ್ಲಿಸಲಿಲ್ಲ. ಗಂಟೆ ಹೊಡೆಯಲು ಐದು ನಿಮಿಷವಿದೆ ಎನ್ನುವಾಗ ಮೇಜಿನಿಂದ ರಿಜಿಸ್ಟರು ತೆಗೆದು ಹಾಜರಿ ಕರೆದರು. ಒಂದೊಂದು ಹೆಸರಿಗೂ ಒಂದೊಂದು ದನಿ. ಯಮುನಾ ಬೆರಳು ಮಡಿಸುತ್ತ ಎಣಿಸಿದಳು. ಐವತ್ತೆರಡು ಹೆಸರಲ್ಲಿ ದನಿ ಬರದದ್ದು ಮೂರು.

ಕ್ಲಾಸು ಮುಗಿದ ಮೇಲೆ ಅವಳು ಶಿರೀನ್ ಮೇಡಂ ಹತ್ತಿರ ಹೋಗಿ, ಹಾಜರಿ ಯಾಕೆ ಕೊನೆಗೆ ಎಂದು ಕೇಳಿದಳು.

“ಮುಂಚೆ ಕರೆದ್ರೆ ಯಾರ ಮನೆ ಹತ್ತಿರ ಇದೆ ಅಂತ ಗೊತ್ತಾಗತ್ತೆ ಅಷ್ಟೇ,” ಎಂದರು ಅವರು, ಬೆರಳಿನ ಸೀಮೆಸುಣ್ಣ ಉದುರಿಸುತ್ತ. “ಇಲ್ಲಿ ಹತ್ತರಲ್ಲಿ ಒಂಬತ್ತು ಜನ ದಿನಾ ಓಡಾಡೋರು. ಆದ್ರೆ ನನ್ನ ನೋಡಿ ಇಡೀ ಕಾಲೇಜ್ ಹೀಗೇ ಅನ್ಕೋಬೇಡಿ. ಆಚೆ ನೋಡಿ, ಎರಡು ಬಾಗಿಲು ಹಾಕಿವೆ. ಸುಳ್ಳು ಹೇಳಿ ನಿಮ್ಮ ಮಗಳನ್ನ ಸೇರಿಸ್ಕೊಳ್ಳಲ್ಲ ನಾನು.”

ಆ ಮಾತನ್ನು ಕಟ್ಟಿಕೊಂಡು ಯಮುನಾ ಮಧ್ಯಾಹ್ನದವರೆಗೆ ಸುತ್ತಿದಳು. ಮಾವನವರಂತೆ ಬೇಲಿಗುಂಟ ನಡೆದಳು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮೂರರಲ್ಲಿ ಒಂದಕ್ಕೆ ಚಿಲಕವಿರಲಿಲ್ಲ. ಕ್ಯಾಂಟೀನಿನಲ್ಲಿ ಕೂರಲು ಜಾಗವಿರಲಿಲ್ಲ. ಹುಡುಗಿಯರು ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಎರಡೂವರೆಗೆ ಗಂಟೆ ಹೊಡೆದದ್ದೇ ಕಟ್ಟಡ ತೂತು ಬಿದ್ದ ಕೊಡದಂತೆ ಖಾಲಿಯಾಗತೊಡಗಿತು. ಬಸ್ಸಿಗೆ, ರೈಲಿಗೆ, ಮೆಟ್ರೋಗೆ. ಅದು ಮಾತ್ರ ಥೇಟು ಅವಳ ಕಾಲದಂತೆಯೇ.

ನೀರು ಎಲ್ಲಿ ನಿಲ್ಲುತ್ತದೆ ಎಂದು ಮಾವ ಕೇಳುತ್ತಾರೆ. ಹಳೆಯ ಕಟ್ಟಡದ ಹಿಂದಿನ ಮೆಟ್ಟಿಲ ತಿರುವಿನಲ್ಲಿ ಅವಳಿಗೆ ಅದು ಕಂಡಿತು. ಒಬ್ಬ ಹುಡುಗಿ, ಹದಿನೆಂಟೋ ಹತ್ತೊಂಬತ್ತೋ, ಗೋಡೆಗೆ ಒರಗಿ, ಫೋನಿನಲ್ಲಿ ಏನೋ ನೋಡುವಂತೆ ಕೂತಿದ್ದಳು. ಫೋನಿನ ಪರದೆ ಆರಿತ್ತು. ಇಂಥದ್ದನ್ನು ಗುರುತಿಸಲು ಯಮುನಾಳಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿಕೊಡಬೇಕಿರಲಿಲ್ಲ.

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು. “ಯಾವ ಕಡೆಯಿಂದ ಬರ್ತೀಯಮ್ಮ?”

ಹುಡುಗಿ ಬೆಚ್ಚಿದಳು. “ಅವಲಹಳ್ಳಿ. ಬಸ್ಸಲ್ಲಿ.”

“ಬೆಳಿಗ್ಗೆ ಕ್ಲಾಸು ಸಿಕ್ತಾ?”

“ಇಲ್ಲ ಆಂಟಿ. ಬಾಗಿಲು ಹಾಕಿದ್ರು.” ಫೋನನ್ನು ಬ್ಯಾಗಿಗೆ ಹಾಕಿ, “ನಿನ್ನೇನೂ,” ಎಂದಳು.

“ಯಾರಿಗಾದ್ರೂ ಹೇಳಿದ್ಯಾ?”

ಹುಡುಗಿ ತಲೆ ಅಲ್ಲಾಡಿಸಿದಳು. ಇಲ್ಲ.

ಆ ಇಲ್ಲ ಎಂಬುದು ಯಮುನಾಳ ಎದೆಯ ಯಾವುದೋ ಹಳೆಯ ಜಾಗಕ್ಕೆ ಹೋಗಿ ಬಡಿಯಿತು. ಬಾಗಿಲು ಮುಚ್ಚಿದ್ದು ಮೇಷ್ಟ್ರು, ಸರಿ. ಬಸ್ಸು ತಡವಾದದ್ದು ಸೇತುವೆಯಿಂದ, ಅದೂ ಸರಿ. ಆದರೆ ಮೂರು ತಿಂಗಳು ಮಂಟಪದಲ್ಲಿ ಕೂತು ಬಂದು, ಅಪ್ಪ ಏನಮ್ಮ ಇವತ್ತು ಏನು ಪಾಠ ಎಂದು ಕೇಳಿದಾಗ ಒಂದೊಂದು ದಿನ ಒಂದೊಂದು ಪಾಠ ಹೇಳಿದವಳು ಅವಳೇ.

ಅವಳು ಎದ್ದು ಕಾವೇರಿಗೆ ಫೋನು ಮಾಡಿದಳು. ಗೇಟಿನವರೆಗೆ ಹೋಗಿದ್ದ ಕಾವೇರಿ ಬೈದುಕೊಳ್ಳುತ್ತ ವಾಪಸು ಬಂದಳು, ಇಬ್ಬರು ಮಾಲೂರಿನವರನ್ನೂ ಕರೆತಂದಳು. ಹುಡುಗಿಯನ್ನು ಒಂದು ಸಲ ನೋಡಿ, “ಅವಲಹಳ್ಳಿಯಿಂದ ಬಸ್ಸಾಗ ಶಿವಾಜಿನಗರ ತನಕ ಬರ್ತೀಯಾ? ನಿಂಗೇನು ಹುಚ್ಚೇನ? ಕೆ.ಆರ್. ಪುರದಾಗ ಇಳ್ದು ರೈಲು ಹತ್ತು. ನಂಬರ್ ಕೊಡು. ನಾಳೆ ಏಳೂ ನಲವತ್ತಕ್ಕ ಟಿಕೇಟ್ ಕೌಂಟರ್ ಹಂತೇಲಿ ನಿಲ್ಲು. ಬರ್ಲಿಲ್ಲಂದ್ರ ಫೋನ್ ಮಾಡಿ ಬೈತೀನಿ,” ಎಂದಳು.

ಹುಡುಗಿ ಅಳು ಬಂದವಳಂತೆ ನಕ್ಕಳು.

*

ಸಂಜೆ ಜಗಲಿಯಲ್ಲಿ ಎಲ್ಲರೂ ಇದ್ದರು. ರಮ್ಯ ತಾಯಿಯ ಮುಖ ನೋಡಿ ಏನೂ ತಿಳಿಯದೆ ಉಗುರು ಕಚ್ಚುತ್ತಿದ್ದಳು. ಯಮುನಾ ಕಂಡದ್ದನ್ನೆಲ್ಲ ಹೇಳಿದಳು. ಚಿಲಕವಿಲ್ಲದ ಬಾಗಿಲನ್ನೂ, ಎರಡೂವರೆಗೆ ಖಾಲಿಯಾಗುವ ಕಟ್ಟಡವನ್ನೂ ಬಿಡಲಿಲ್ಲ.

“ನೀನೇ ಹೇಳ್ತಿದೀಯಲ್ಲಮ್ಮ,” ಎಂದರು ರಾಮಾಂಜಿನಪ್ಪ, ನೋವಿನಿಂದಲೇ. “ಅಂಥಾ ಕಡೆ ಯಾಕೆ? ಹೊಸಕೋಟೆ ಕಡೇದು ಇಪ್ಪತ್ತೆಂಟು ನಿಮಿಷ.”

“ಭಾನುವಾರ ಇಪ್ಪತ್ತೆಂಟು ನಿಮಿಷ ಮಾವ. ಆ ಕಾಲೇಜ್ ಬಸ್ಸು ಹತ್ತೋ ಹುಡುಗೀನ ನಿನ್ನೆ ಬೆಳಿಗ್ಗೆ ಬೀದಿ ತುದೀಲಿ ಕೇಳ್ದೆ. ಆರೂವರೆಗೆ ಹತ್ತಿದ್ರೆ ಊರೆಲ್ಲ ಸುತ್ತಿ ಎಂಟೂಕಾಲಿಗೆ ಮುಟ್ಟತ್ತಂತೆ. ರಜಾ ದಿನ ಹೋಗಿ ನೋಡೋದು, ಬೇಸಿಗೇಲಿ ಹೋಗಿ ಹೊಲದಲ್ಲಿ ನೀರು ಎಲ್ಲಿ ನಿಲ್ಲತ್ತೆ ಅಂತ ನೋಡ್ದಂಗೆ.”

ಕೆಂಪರಾಜ ನಗು ತಡೆಯಲು ಮೀಸೆ ಒರೆಸಿಕೊಂಡ. ರಾಮಾಂಜಿನಪ್ಪನವರು ನಗಲಿಲ್ಲ. “ನಿಂಗೆ ತಪ್ಪಿಹೋಗಿದ್ದು ಅವ್ಳಿಗೆ ಚೆನ್ನಾಗಿ ಸಿಗ್ಲಿ ಅಂತ ಕಣಮ್ಮ ನಾನು ಹೇಳೋದು. ಅವತ್ತು ನಾನು ಒಂದು ವರ್ಷ ಕಾದಿದ್ರೆ...”

ಇಲ್ಲಿಯೇ ಸುಮ್ಮನಿದ್ದುಬಿಡಬಹುದಿತ್ತು. ಕೆಂಪರಾಜನ ಮಾತಿನಂತೆ ಹ್ಞೂ ಎಂದರೆ ಸಾಕಿತ್ತು. ರಮ್ಯಳಿಗೆ ಬೇಕಾದದ್ದು ಸಿಗುತ್ತಿತ್ತು. ಯಮುನಾ ಮಗಳ ಕಡೆ ನೋಡಿದಳು. ಬಾಗಿಲು ಮುಚ್ಚಿದ ದಿನ ಮನೆಗೆ ಬಂದು ಹೇಳು ಎಂದು ಇವಳಿಗೆ ಹೇಳಬೇಕಾದರೆ, ಹೇಳದವಳು ಯಾರೆಂದು ಮೊದಲು ಹೇಳಬೇಕು.

“ಮಾವ, ನೀವು ಕಾದಿದ್ರೂ ನಾನು ಓದ್ತಿರಲಿಲ್ಲ. ನೀವು ಬರೋ ಮುಂಚೇನೇ ಬಿಟ್ಬಿಟ್ಟಿದ್ದೆ.”

ಬಸ್ಸು, ಚಿಲಕ, ಹಲಸೂರಿನ ಮಂಟಪ, ನೀರೊಲೆಗೆ ಹಾಕಿದ ಕಾಗದ, ಒಂದೊಂದಾಗಿ ಹೇಳಿದಳು. ಮಾತುಗಳನ್ನು ಆರಿಸಿ ಆರಿಸಿ ಇಡುವ ಅವಳ ಅಭ್ಯಾಸ ಆ ಹೊತ್ತಿಗೆ ಕೈಕೊಟ್ಟಿತು. ಹೇಗೆ ಬಂತೋ ಹಾಗೆ ಹೇಳಿದಳು.

“ನಿಮ್ಮಪ್ಪನ ಮುಂದೆ ನಾನು ತಲೆ ಎತ್ತುತ್ತಿರಲಿಲ್ಲ,” ಎಂದರು ರಾಮಾಂಜಿನಪ್ಪ. “ಅವ್ರು ಆಸ್ಪತ್ರೇಲಿ ಇದ್ದಾಗ ಕೈ ಹಿಡ್ಕೊಂಡು ತಪ್ಪಾಯ್ತು ಅಂತ ಕೇಳ್ದೆ. ನೀನು ಅಲ್ಲೇ ನಿಂತಿದ್ದೆ.”

“ಹೂಂ ಮಾವ.”

“ನಿಂತ್ಕೊಂಡು ನೋಡ್ದೆ.”

“ಹೂಂ.”

ಅವರು ಎದ್ದು ಒಳಗೆ ಹೋದರು. ಕೆಂಪರಾಜ ಹೆಂಡತಿಯ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆದ. ರಮ್ಯ ಮಾತ್ರ ಹತ್ತಿರ ಬಂದು ಕೂತಳು. “ಅಮ್ಮ, ಡಬ್ಬೀಲಿ ಏನಿರ್ತಿತ್ತು?” ಎಂದಳು ಸಣ್ಣಗೆ. “ಮಂಟಪದಲ್ಲಿ.”

“ಚಿತ್ರಾನ್ನ. ಹೆಚ್ಚಾಗಿ.”

“ಒಬ್ಳೇನಾ?”

“ಒಬ್ಳೇ.”

*

ಶುಕ್ರವಾರ ಬೆಳಿಗ್ಗೆ ಕಾಫಿಗೆ ಕರೆಯಲು ಹೋದಾಗ ಮಾವನವರ ಕೋಣೆ ಖಾಲಿಯಿತ್ತು. ಚಪ್ಪಲಿ ಇರಲಿಲ್ಲ, ಗೂಟದ ಮೇಲಿನ ಬಿಳಿ ಅಂಗಿ ಇರಲಿಲ್ಲ. ಫೋನು ಮಾತ್ರ ದಿಂಬಿನ ಪಕ್ಕದಲ್ಲಿತ್ತು. ಕೆಂಪರಾಜ ಸ್ಕೂಟರಿನಲ್ಲಿ ಕೆರೆಯ ಏರಿ, ದೇವಸ್ಥಾನ, ತರಕಾರಿ ಸಂತೆ ಎಲ್ಲ ಹುಡುಕಿ ಬಂದ. ನೆಂಟರಿಗೆ ಫೋನು ಮಾಡಿಯಾಯಿತು. ಎಪ್ಪತ್ತಾರು ವರ್ಷದ ಮನುಷ್ಯ, ಹಿಂದಿನ ರಾತ್ರಿ ಊಟ ಮಾಡಿರಲಿಲ್ಲ. ತಾನು ಬಾಯಿಬಿಡಬಾರದಿತ್ತು ಎಂದು ಅವಳು ಅಡುಗೆಮನೆಯಲ್ಲಿ ನಿಂತಲ್ಲಿಯೇ ನಿಂತಿದ್ದಳು.

ಹನ್ನೆರಡೂವರೆಗೆ ಗೇಟು ಸದ್ದಾಯಿತು. ರಾಮಾಂಜಿನಪ್ಪ, ಹಿಂದೆ ಕಾವೇರಿ.

“ಕ್ಲಾಸ್ ಬಿಟ್ಟು ಕರ್ಕೊಂಡ್ ಬರ್ಬೇಕಾತು ಅಕ್ಕಾರ,” ಎಂದಳು ಕಾವೇರಿ ಉಸಿರು ಬಿಡುತ್ತ. “ಬೆಳಿಗ್ಗೆ ನಾ ಹೊಂಟಾಗ ಬಾಗಿಲ ಮುಂದ ನಿಂತಿದ್ರು. ನಡೀ, ನಾನೂ ಬರ್ತೀನಿ ಅಂದ್ರು. ಹೆಂಗಸ್ರ ಡಬ್ಬಿಗೇ ಹತ್ತಾಕ ಬಂದಿದ್ರು, ಮಾಲೂರು ಹುಡುಗ್ಯಾರು ನಕ್ಕು ನಕ್ಕು ಆ ಕಡಿ ಕಳಿಸಿದ್ರು. ಎರಡನೇ ಪೀರಿಯಡ್ಡಿಗೆ ಮತ್ತ ಶಿರೀನ್ ಮೇಡಂ. ತಾತ ಹಿಂದಿನ ಬೆಂಚಿನಾಗ ಕೂತು ಪೂರ್ತಿ ಕೇಳ್ಯಾರ!”

“ಕೇಳಿಲ್ಲ, ನೋಡ್ದೆ,” ಎಂದು ರಾಮಾಂಜಿನಪ್ಪ ತಿದ್ದಿದರು. ಜಗಲಿಯ ಮೇಲೆ ಕೂತು ನೀರು ಕುಡಿದರು. ಯಮುನಾ ಕಂಬ ಹಿಡಿದು ನಿಂತಿದ್ದಳು. ಅವಳ ಕಡೆ ನೋಡದೆ ಅಂಗಳದ ಕಡೆ ನೋಡುತ್ತ ಅವರು ಹೇಳಿದರು, “ನಿಮ್ಮಪ್ಪನಿಗೆ ಒಂದು ಮಾತು ಹೇಳ್ಬಹುದಿತ್ತು ಕಣಮ್ಮ. ಒಳ್ಳೇ ಮನುಷ್ಯ. ಬೈತಿರಲಿಲ್ಲ.”

“ಗೊತ್ತು ಮಾವ.”

“ನಂಗೂ ಹೇಳ್ಬಹುದಿತ್ತು. ಇಷ್ಟು ವರ್ಷ.” ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. “ಇರ್ಲಿ. ಆ ಸಿಟ್ಟು ಇನ್ನೂ ಇದೆ. ಅಷ್ಟು ಬೇಗ ಹೋಗಲ್ಲ ಅದು.”

ರಮ್ಯ ಬಾಗಿಲ ಹಿಂದಿನಿಂದ ಇಣುಕಿದಳು. “ತಾತ, ನನ್ನ ಕಾಲೇಜು?”

“ಜಾಗ ಅಷ್ಟೇನಿಲ್ಲ. ಇಕ್ಕಟ್ಟು. ಆ ಮೇಷ್ಟ್ರಮ್ಮ ಪರವಾಗಿಲ್ಲ.” ಅವರು ಲೋಟವನ್ನು ತಿರುಗಿಸುತ್ತ ಏನನ್ನೋ ಅಳೆಯುವಂತೆ ಕಣ್ಣು ಕಿರಿದು ಮಾಡಿದರು. “ಆದ್ರೆ ಆ ಬಾಗಿಲಿಗೆ ಇಟ್ಟಿರೋ ಕಲ್ಲು ಚಿಕ್ಕದು. ನಾನು ಕೂತಿದ್ದಾಗ್ಲೇ ಗಾಳಿಗೆ ಎರಡು ಸಲ ಹಾಕ್ಕೊಳ್ತು. ನಾನೇ ಎದ್ದು ತೆಗ್ದೆ. ದಿನಾ ಯಾರು ತೆಗೀತಾರೆ?”

ಅವರು ಹಿತ್ತಲ ಕಡೆ ಕೈ ತೋರಿಸಿದರು.

“ಹಿತ್ತಲಲ್ಲಿ ನಮ್ಮಮ್ಮನ ಕಾಲದ ಒರಳಿನ ಗುಂಡು ಬಿದ್ದಿದೆಯಲ್ಲ, ನಾಳೆ ಹೋಗ್ತಾ ತಗೊಂಡ್ಹೋಗಿ.”

“ರೈಲಲ್ಲಿ ರುಬ್ಬೋ ಗುಂಡು ಹೊತ್ಕೊಂಡು ಹೋಗ್ಲಾ ತಾತ? ಅಡ್ಮಿಷನ್ನಿಗಾ?”

“ಯಾಕೆ, ಮಾಲೂರು ಹುಡುಗೀರು ಹಿಡ್ಕೊಳ್ತಾರೆ. ಗಟ್ಟಿಗಿತ್ತೀರು ಅವ್ರು.”

ಶನಿವಾರ ಬೆಳಿಗ್ಗೆ ಏಳೂವರೆಗೆ ಮೂರು ಜನ ಹಿಂದಿನ ಗೇಟಿನಿಂದ ಹೊರಟರು. ಗುಂಡನ್ನು ಹಳೆಯ ಟವೆಲಿನಲ್ಲಿ ಸುತ್ತಿ ಗೋಣಿಚೀಲಕ್ಕೆ ಹಾಕಿದ್ದರು. ಚೀಲದ ಒಂದು ಕಿವಿ ರಮ್ಯಳ ಕೈಯಲ್ಲಿ, ಇನ್ನೊಂದು ಕಾವೇರಿಯ ಕೈಯಲ್ಲಿ. ಹಿಂದೆ ಯಮುನಾ, ಫೋನಿನಲ್ಲಿ ಗಂಟೆ ನೋಡುತ್ತ, “ಬೇಗ ನಡೀರೇ, ತಡ ಆಗತ್ತೆ,” ಎನ್ನುತ್ತ ನಡೆದಳು.